ಅಕ್ಕನನ್ನು ಕೂರಿಸಿದ್ದು

ಕಾಂತಮ್ಮ ನನ್ನ ಓರಗಿತ್ತಿ, ನನ್ನ ಗಂಡ ಇಂದುಧರರ ಅಣ್ಣನ ಹೆಂಡತಿ. ಅರಸೀಕೆರೆಯ ಒಂದೇ ಮನೆಯಲ್ಲಿ ಇಪ್ಪತ್ತೇಳು ವರ್ಷ ಬಾಳಿದೆವು. ನಾನು ಅಕ್ಕಾ ಎಂದೇ ಕರೆಯುತ್ತಿದ್ದೆ. ಎಂಥ ಒಳ್ಳೆ ಹೆಂಗಸು ಎಂದು ಈಗ ಊರೆಲ್ಲ ಹೇಳುತ್ತದೆ. ಒಳ್ಳೆಯವರ ಜೊತೆ ಒಂದೇ ಸೂರಿನಡಿ ಏಗುವುದು ಎಂಥ ಪಾಡು ಎಂದು ಊರಿಗೇನು ಗೊತ್ತು? ನನ್ನನ್ನು ಕೇಳಬೇಕು.

ಭಾವ ಚಿದಂಬರ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದವರು. ಎಂಟು ವರ್ಷದ ಹಿಂದೆ ಲಕ್ವ ಹೊಡೆದು ಹಾಸನದ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದರು. ಬೆನ್ನೆಲ್ಲ ಹುಣ್ಣಾಯಿತು. ನೆಂಟರೆಲ್ಲ ಸೇಬು, ಎಳನೀರು ಹಿಡಿದು ಹೋಗುತ್ತಿದ್ದೆವು. ಮೂಗಿಗೆ ಸೆರಗು ಮುಚ್ಚಿ ಬಾಗಿಲಲ್ಲೇ ಐದು ನಿಮಿಷ ನಿಂತು ವಾಪಸ್ಸಾಗುತ್ತಿದ್ದೆವು. ನಾನೂ ಅಷ್ಟೇ. ಪಕ್ಕದ ಮಂಚದಲ್ಲಿ ತನ್ನ ಮಗನನ್ನು ನೋಡಿಕೊಳ್ಳುತ್ತಿದ್ದ ಗಂಡಸಿಯ ಹನುಮಮ್ಮ ಯಾರೂ ಕೇಳದೆಯೇ ಎದ್ದು ಬಂದು ಭಾವನ ಮೈ ತೊಳೆದಳು. ನಮ್ಮ ಮನೆಯಲ್ಲಿ ಹಿತ್ತಿಲು ದಾಟಿ ಒಳಗೆ ಬಿಟ್ಟುಕೊಳ್ಳುವ ಜಾತಿಯವಳಲ್ಲ ಆಕೆ. ಯಾಕವ್ವ ಮಾಡ್ತೀಯ ಎಂದು ಅಕ್ಕ ಕೇಳಿದಳಂತೆ.

"ಕಾಯಿಲೆಯೋರಿಗೆ ಮಾಡಿದ್ದು ನನಗೇ ಮಾಡ್ದಂಗೆ ಅಂತ ನಮ್ಮ ಯೇಸಪ್ಪ ಹೇಳವ್ರೆ ಕಣ್ರವ್ವ. ಅದಕ್ಕೇ ಮಾಡ್ತೀನಿ."

ಅಷ್ಟೇ ಮಾತು. ಭಾವ ಉಳಿಯಲಿಲ್ಲ. ಆದರೆ ವರ್ಷ ತುಂಬುವುದರೊಳಗೆ ಅಕ್ಕ ರೈಲ್ವೆ ಗೇಟಿನಾಚೆಯ ಶೀಟಿನ ಮನೆಯ ಪ್ರಾರ್ಥನೆಗೆ ಭಾನುವಾರ ಭಾನುವಾರ ಹೋಗತೊಡಗಿದಳು. ಆಮೇಲೆ ದೀಕ್ಷಾಸ್ನಾನವೂ ಆಯಿತು. ಕೊರಳಲ್ಲಿದ್ದ ಲಿಂಗವನ್ನು ತೆಗೆದು, ಎಸೆಯಲಿಲ್ಲ, ದೇವರ ಕೋಣೆಯಲ್ಲಿ ಹೂವಿಟ್ಟು ಇರಿಸಿ ಕೈಮುಗಿದು ಈಚೆ ಬಂದಳು. ಮೂರು ತಲೆಮಾರಿನಿಂದ ಮಠಕ್ಕೆ ನಡೆದುಕೊಂಡ ಮನೆ ನಮ್ಮದು. ನನ್ನ ಗಂಡ ಹಾರಾಡಿಬಿಟ್ಟರು. ಅಕ್ಕನಿಗೆ ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹಾಕಿಸಿದರು. ಅವಳು ಎದುರಾಡಲಿಲ್ಲ, ಒಲೆ ಚೆನ್ನಾಗಿ ಉರಿಯುತ್ತದೆ ಎಂದಳು. ಇಂಥದ್ದೇ ನನಗೆ ಮೈ ಉರಿಸುತ್ತಿದ್ದುದು.

ಬೆಳಿಗ್ಗೆ ಎದ್ದು ಬೆರಳಿಟ್ಟು ಅಕ್ಷರ ಅಕ್ಷರ ಬೈಬಲಿನ ವಾಕ್ಯ ಓದುವಳು. ಆಮೇಲೆ ಒಂದು ಕೈಚೀಲ. ಅದರಲ್ಲಿ ಸೋಪು, ಬಾಚಣಿಗೆ, ನೇಲ್ ಕಟ್ಟರು, ಹಳೆ ಸೀರೆಯ ತುಂಡುಗಳು. ಹಾರನಹಳ್ಳಿಗೋ ಗಂಡಸಿಗೋ ಬಸ್ಸು ಹತ್ತುವಳು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ತೊಳೆದು, ಹೇನು ತೆಗೆದು, ಉಗುರು ಕತ್ತರಿಸಿ ಬರುವಳು. ಕೇರಿ, ಕಾಲೋನಿ ಎಂದೂ ನೋಡುತ್ತಿರಲಿಲ್ಲ.

"ಐವತ್ತು ವರ್ಷಕ್ಕೆ ನನ್ನ ಕೆಲಸ ಯಾವುದು ಅಂತ ದೇವರು ತೋರಿಸಿದ ಕಣೇ ಮೀನಾಕ್ಷಿ," ಎಂದಳು ಒಮ್ಮೆ.

"ಊರೋರ ಹೇಲು ಬಳಿಯೋದಾ? ನಿನಗೆ ಕೊಡೋಕೆ ಅವನಿಗೆ ಬೇರೇನೂ ಸಿಗಲಿಲ್ವಾ?"

"ಇದಾದ್ರೆ ಯಾರೂ ಕಿತ್ಕೊಳ್ಳೋಕೆ ಬರಲ್ಲ ನೋಡು," ಎಂದು ನಕ್ಕಳು.

ನಗುವವಳೊಡನೆ ಜಗಳ ಹೇಗೆ ಆಡುವುದು? ಅದೂ ಸಾಲದೆಂಬಂತೆ, ಒಮ್ಮೆ ಕೊಬ್ಬರಿ ಕೊಳ್ಳಲು ಬಂದವನು ಮಾಲು ಒಣಗಿದೆಯಾ ಎಂದು ಜಗಲಿಯಲ್ಲಿ ಕೂತಿದ್ದ ಇವಳನ್ನೇ ಕೇಳಿದ. ಮೇಲಿನ ಚೀಲ ಒಣಗಿವೆ, ಕೆಳಗಿನವು ಇನ್ನೂ ಹಸಿ ಎಂದುಬಿಟ್ಟಳು. ಅವನು ಎದ್ದು ಹೋದ. ಸುಳ್ಳಾಡಬಾರದು ಎಂದು ಬರೆದಿದೆಯಂತೆ. ಬರೆದವರಿಗೆ ಮನೆ ನಡೆಸುವ ಕಷ್ಟ ಇರಲಿಲ್ಲ ಬಿಡಿ ಎಂದು ಬೈದೆ.

ಹೀಗೆ ಬೈದ ಬಾಯಿಗೂ ಕಾಲ ಬಂತು. ಎರಡು ವರ್ಷದ ಹಿಂದೆ ನನಗೆ ಬೆನ್ನಿನ ಆಪರೇಷನ್ ಆಗಿ ಮೂರು ವಾರ ಮಲಗಿದಲ್ಲೇ ಎಲ್ಲ. ಹೆತ್ತ ಮಗಳು ಸ್ವಾತಿ ವಾಸನೆಗೆ ಓಕರಿಸಿಕೊಂಡು ಹೊರಗೋಡಿದಳು. ಅಕ್ಕ ಬಂದಳು. ದಿನಕ್ಕೆ ಮೂರು ಸಲ ನನ್ನನ್ನು ಮಗ್ಗುಲಾಗಿಸಿ, ಒರೆಸಿ, ಬಟ್ಟೆ ಬದಲಾಯಿಸಿದಳು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನಾನು ಅವಮಾನಕ್ಕೆ ಅತ್ತರೆ, "ಸುಮ್ಮನಿರೇ, ಮೈ ಎಲ್ಲರದೂ ಒಂದೇ" ಎನ್ನುವಳು. ಆ ದಿನಗಳಲ್ಲೇ ಅವಳು ನನ್ನನ್ನು ಕೇಳಿದ್ದು. ಇಡೀ ಬದುಕಿನಲ್ಲಿ ಅವಳು ನನ್ನಿಂದ ಕೇಳಿದ್ದು ಅದೊಂದೇ.

"ನಾನು ಹೋದಾಗ ಮನೆ ಪದ್ಧತಿಯಂತೆ ನನ್ನ ಕೂರಿಸಿ ಹೂಳಬೇಡಿ, ಮಲಗಿಸಿ ಮಣ್ಣು ಮಾಡಿ. ಕೈಗೆ ಲಿಂಗ ಇಡೋದು ಬೇಡ. ನಮ್ಮ ಪಾಸ್ಟರ್ ದೇವರಾಜ್‌ಗೆ ಹೇಳಿ ಕಳಿಸು, ಅವರು ಪ್ರಾರ್ಥನೆ ಮಾಡ್ತಾರೆ. ನನಗೆ ಮಕ್ಕಳಿಲ್ಲ. ನೀನೇ ಹೇಳಬೇಕು."

"ಆಯ್ತಕ್ಕ, ಹೇಳ್ತೀನಿ. ಆಣೆ," ಎಂದೆ. ಮನಸ್ಸಿಟ್ಟೇ ಅಂದಿದ್ದೆ.

ಕಳೆದ ಮಾಘದಲ್ಲಿ ಸ್ವಾತಿಗೆ ಬೇಲೂರಿನ ಸಂಬಂಧ ಕೂಡಿಬಂತು. ದೊಡ್ಡ ಅಂಗಡಿ, ಹಳೇ ಮನೆತನ, ಮಠದ ಶಿಷ್ಯರು. ನಿಮ್ಮ ಮನೆಯಲ್ಲಿ ಯಾರೋ ಕ್ರೈಸ್ತರಾಗಿದಾರಂತಲ್ಲ ಎಂದು ಮೊದಲೇ ಒಮ್ಮೆ ಕೇಳಿದ್ದರು. ಅದೆಲ್ಲ ಸುಳ್ಳು ಎಂದು ನನ್ನ ಗಂಡ ತೇಲಿಸಿದ್ದರು. ನಿಶ್ಚಿತಾರ್ಥಕ್ಕೆ ಇನ್ನು ಒಂಬತ್ತು ದಿನ. ಅಂದು ಬೆಳಿಗ್ಗೆ ಎಂಟಾದರೂ ಅಕ್ಕನ ಬಾಗಿಲು ತೆರೆದಿರಲಿಲ್ಲ. ಒಳಗೆ ಹೋಗಿ ನೋಡಿದರೆ ಮಲಗಿದಲ್ಲೇ ಪ್ರಾಣ ಹೋಗಿ, ಮೈ ಸೆಟೆದಿತ್ತು.

ಬೇಲೂರಿನವರೂ ಬಂದರು. ಹುಡುಗನ ತಾಯಿ ನನ್ನ ಪಕ್ಕದಲ್ಲೇ ಕೂತರು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಕರಿಬಸವಯ್ಯ ಒಳ್ಳೆಯ ಮನುಷ್ಯ. ಎಲ್ಲರೆದುರು ನನ್ನನ್ನೇ ಕೇಳಿದರು.

"ತಾಯಿ, ಇವರು ಲಿಂಗ ತೆಗೆದಿದ್ರು ಅಂತ ಕೇಳಿದೀನಿ. ಏನಾದ್ರೂ ಹೇಳಿ ಹೋಗಿದ್ರೆ ಹೇಳಿ. ಬೇಡ ಅಂದೋರ ಕೈಗೆ ಲಿಂಗ ಇಡೋದು ನನಗೂ ಸರಿ ಕಾಣಲ್ಲ. ನೀವು ಹೇಳಿದಂಗೆ ಆಗ್ಲಿ."

ದಾರಿ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಿದ್ದರು ಪುಣ್ಯಾತ್ಮರು. ನಾನು ಬಾಯಿ ತೆರೆದರೆ ಸಾಕಿತ್ತು. ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ಒಳಬಾಗಿಲಲ್ಲಿ ಸ್ವಾತಿ ನಿಂತಿದ್ದಳು.

"ಏನೂ ಹೇಳಿಲ್ಲ ಅಯ್ಯನೋರೇ," ಎಂದೆ. ಅಷ್ಟಕ್ಕೆ ನಿಲ್ಲಿಸಬಾರದಿತ್ತೇ ನನ್ನ ಹಾಳು ನಾಲಿಗೆ? "ನಿನ್ನೆ ಕೂಡ ಶಿವ ಶಿವಾ ಅಂತಿದ್ರು," ಎಂದೂ ಸೇರಿಸಿದೆ. ಬೇಲೂರಿನ ಹೆಂಗಸು ನನ್ನ ಬೆನ್ನು ಸವರಿದರು.

ಸೆಟೆದ ಮೈಯನ್ನು ಕೂರಿಸುವುದು ಸುಲಭವಲ್ಲ. ಮಂಡಿಗೆ ಬಿಸಿನೀರಿನ ಬಟ್ಟೆ ಹಾಕಿ ಉಜ್ಜಿದರು. ಆದರೂ ಮಡಚಲಿಲ್ಲ. ಹೆಂಗಸರು ಯಾರಾದರೂ ಹಿಡಿಯಿರಿ ಎಂದಾಗ ನಾನೇ ಎಡಗಾಲು ಹಿಡಿದು ಒತ್ತಿದೆ. ಲಟಕ್ಕೆಂದಿತು. ಗೋಡೆಗೆ ಒರಗಿಸಿ, ಜಾರದಂತೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟರು. ಅಕ್ಕ ಎಲ್ಲದಕ್ಕೂ ಸುಮ್ಮನೆ ಕೂತಿದ್ದಳು.

ನಮ್ಮ ಮನೆಯ ಗೇಟಿನಾಚೆ ಪಾಸ್ಟರ್ ದೇವರಾಜ್, ಹನುಮಮ್ಮ, ಇನ್ನು ಹತ್ತು ಹನ್ನೆರಡು ಜನ ಬಿಸಿಲಲ್ಲಿ ನಿಂತಿದ್ದರು. ಗಲಾಟೆ ಮಾಡಲಿಲ್ಲ. ನಾನು ಹೊರಬಂದಾಗ ಹನುಮಮ್ಮ, "ಅವ್ವಾ, ಒಂದೇ ಒಂದ್ಸಲ ಮುಖ ನೋಡ್ಕಂಡು ಹೋಯ್ತೀವಿ," ಎಂದಳು.

"ಈಗ ಜನ ಇದಾರೆ. ಆಮೇಲೆ ಬಾ," ಎಂದೆ. ಆಮೇಲೆ ಎನ್ನುವುದು ಇರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ತೋಟದಲ್ಲಿ ಭಾವನ ಪಕ್ಕ ಗುಂಡಿ ತೆಗೆದು ಕೂರಿಸಿಯೇ ಮಣ್ಣು ಎಳೆದರು.

ಸ್ವಾತಿಯ ಮದುವೆ ಚೆನ್ನಾಗಿಯೇ ಆಯಿತು. ಅವಳು ಸುಖವಾಗಿದ್ದಾಳೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಮದುವೆ ಮುಗಿದ ಮೇಲೆ ಒಂದು ದಿನ ಗಂಡಸಿಗೆ ಹೋದೆ. ಯಾರಾದರೂ ನನ್ನ ಮುಖಕ್ಕೆ ಉಗಿಯಲಿ ಎಂದೇ ಹೋದೆ. ಹನುಮಮ್ಮ ಜಗಲಿ ಗುಡಿಸಿ, ಚಾಪೆ ಹಾಕಿ, ಟೀ ಕೊಟ್ಟಳು. ನನಗೆ ತಡೆಯಲಾಗಲಿಲ್ಲ.

"ಅಕ್ಕ ನನಗೆ ಹೇಳಿದ್ರು ಹನುಮಮ್ಮ. ಕೂರಿಸಬೇಡ ಅಂದಿದ್ರು. ನಾನು ಸುಳ್ಳು ಹೇಳ್ದೆ."

"ಗೊತ್ತು ಕಣ್ರವ್ವ."

"ಯಾರು ಹೇಳಿದ್ರು?"

"ಅವರೇ. ನಿಮ್ಮ ಮಗಳ ಸಂಬಂಧ ಕುದುರ್ದಾಗ ಬಂದು ಹೇಳಿದ್ರು. ಈಗ ನಾನೇನಾದ್ರೂ ಹೋದ್ರೆ ಮೀನಾಕ್ಷಿ ಕೈಲಿ ಹೇಳಕ್ಕಾಗಲ್ಲ, ಪಾಪ, ಮಗಳ ತಾಯಿ. ನೀವ್ಯಾರೂ ಹೋಗಿ ಜಗಳ ಮಾಡಬ್ಯಾಡಿ, ಅವಳನ್ನ ಒಂದು ಮಾತೂ ಅನ್ನಬ್ಯಾಡಿ ಅಂತ ನಮ್ಮೆಲ್ಲರ ಕೈಲೂ ಮಾತು ತಗಂಡ್ರು."

ಟೀ ಲೋಟ ಹಾಗೇ ಇಟ್ಟು ಎದ್ದು ಬಂದೆ. ಬಸ್ಸಿನಲ್ಲಿ ಜನ ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಅಕ್ಕನನ್ನು ಬಾಯಿಗೆ ಬಂದಂತೆ ಬೈದೆ. ನನ್ನ ಕೈಲಿ ಆಗುವುದಿಲ್ಲ ಎಂದು ಗೊತ್ತಿದ್ದ ಮೇಲೆ, ಕೊಟ್ಟ ಆಣೆಯಿಂದ ನನ್ನನ್ನು ಬಿಡಿಸಿ ಹೋಗಬಾರದಿತ್ತೇ? ಅವರಿಗೆಲ್ಲ ಹೇಳಿದವಳು ಅದೇ ಮನೆಯಲ್ಲಿದ್ದ ನನಗೊಂದು ಮಾತು ಹೇಳಬಾರದಿತ್ತೇ? ಶಾಪ ಹಾಕಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಕ್ಷಮಿಸಿ ಹೋಗಿದ್ದಾಳೆ, ನಾನು ತಪ್ಪು ಮಾಡುವ ಮೊದಲೇ.