ಸಾಲು ಗಿಡ್ಡ ಮಾಡಿದ ಉಚ್ಚೆಂಗೆಪ್ಪ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಇನ್ನೂ ಒಂದು ಅಂಗಡಿಯೂ ತೆರೆದಿಲ್ಲ. ಅಚ್ಚುಕೂಟದ ಮೂಡಣ ಕಿಟಕಿಯ ಬಳಿ ಉಚ್ಚೆಂಗೆಪ್ಪ ಆಗಲೇ ನಿಂತಿದ್ದಾರೆ. ಅವರ ಬಲಗೈ ಖಾನೆಯಿಂದ ಖಾನೆಗೆ ಹಾರಿ ಸೀಸದ ಅಕ್ಷರದ ಮೊಳೆಗಳನ್ನು ಹೆಕ್ಕುತ್ತದೆ, ಎಡಗೈಯಲ್ಲಿ ಹಿಡಿದ ಜೋಡಣೆಯ ಪಟ್ಟಿಯಲ್ಲಿ ಸಾಲು ಬೆಳೆಯುತ್ತದೆ. "ಬಿಸಿಲೇರಿತಂದ್ರ ಮೊಳಿ ಹೊಳದು ಕಣ್ಣು ಕುಕ್ತಾವ್ರಿ. ಅದಕ್ಕ ನಸುಕಿನ್ಯಾಗ ಬರ್ತೀನಿ" ಎನ್ನುತ್ತಾರೆ. ದಿನಕ್ಕೆ ಎರಡು ಪುಟ ಕಟ್ಟಿದರೆ ಅವರಿಗೆ ಸಮಾಧಾನ.

ಊರು ಸಿರುಗುಪ್ಪ. ತಂದೆ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದ ಉಚ್ಚೆಂಗೆಪ್ಪ ಬಳ್ಳಾರಿಗೆ ಬಂದು ಅಚ್ಚುಕೂಟದಲ್ಲಿ ಯಂತ್ರ ಒರೆಸುವ ಕೆಲಸಕ್ಕೆ ಸೇರಿದರು. ಮೊಳೆ ನೋಡುತ್ತಲೇ ಕನ್ನಡ, ತೆಲುಗು ಎರಡನ್ನೂ ಕಲಿತರು. ಮೊಳೆಯಲ್ಲಿ ಅಕ್ಷರ ತಿರುಗುಮುರುಗು. "ನಾ ಮೊದ್ಲು ಉಲ್ಟಾ ಓದಾಕ ಕಲ್ತೀನ್ರಿ, ಆಮ್ಯಾಲ ನೆಟ್ಟಗ" ಎಂದು ನಗುತ್ತಾರೆ.

ಹೋದ ವರ್ಷ ಕುರುಗೋಡಿನ ಹೆಂಗಸರಿಗಾಗಿ ಒಂದು ಪಾಠದ ಪುಸ್ತಕ ಅಚ್ಚಾಯಿತು. ಮಹಾಯುದ್ಧ ಮುಗಿದು ಇಷ್ಟು ದಿನವಾದರೂ ಕಾಗದಕ್ಕೆ ಬರ. ಹಾಗಾಗಿ ಪುಟದ ತುಂಬ ಉದ್ದುದ್ದ ಸಾಲು. ಸುತ್ತಲೂ ಹೂಬಳ್ಳಿಯ ಚೌಕಟ್ಟು; ಮಾಲೀಕ ತಿಪ್ಪೇರುದ್ರಪ್ಪನವರು ಮದ್ರಾಸಿನಿಂದ ಆಸೆಪಟ್ಟು ತರಿಸಿದ್ದು.

ಪುಸ್ತಕದ ಕಟ್ಟು ಹೊತ್ತು ಉಚ್ಚೆಂಗೆಪ್ಪನವರೇ ಕುರುಗೋಡಿಗೆ ಹೋದರು. ಗುಡಿಯ ಪೌಳಿಯಲ್ಲಿ ಮಧ್ಯಾಹ್ನದ ಪಾಠ. ಹತ್ತಿ ಬಿಡಿಸುವ ಸತ್ಯಮ್ಮ ಸಾಲಿನ ಕೊನೆವರೆಗೆ ಬೆರಳಿಟ್ಟು ಓದಿದಳು, ತಿರುಗಿ ಬರುವಾಗ ದಾರಿ ತಪ್ಪಿ ಓದಿದ ಸಾಲನ್ನೇ ಮತ್ತೆ ಹಿಡಿದಳು. ಪುಸ್ತಕ ಹಿಡಿದ ಹೆಬ್ಬೆರಳ ಕೆಳಗೂ ಅಕ್ಷರಗಳು ಮುಚ್ಚಿಹೋಗಿದ್ದವು. ಕಡೆಗೆ ಪುಸ್ತಕ ಮಡಚಿದಳು. "ನನ್ನ ಕಣ್ಣು ಹೋಗ್ಯಾವ ಬಿಡವ್ವ. ಈ ವಯಸ್ಸಿಗೆ ಅಕ್ಷರ ಹತ್ತಂಗಿಲ್ಲ."

ಪಾಠ ಹೇಳುವ ವಿರೂಪಮ್ಮನವರ ಮುಖ ಬಾಡಿತು. "ಹಿಂಗಂದ್ಕೋತ ಒಬ್ಬೊಬ್ಬರ ಬಿಟ್ಟು ಹೊಂಟಾರ್ರಿ. ಇನ್ನೊಂದು ತಿಂಗಳು ನೋಡಿ ಪಾಠ ಮುಚ್ಚತೀನಿ" ಎಂದರು.

ಬಸ್ಸಿನಲ್ಲಿ ಬರುವ ದಾರಿಯುದ್ದಕ್ಕೂ ಉಚ್ಚೆಂಗೆಪ್ಪನವರ ಕಣ್ಣಮುಂದೆ ಆ ಬೆರಳೇ. "ಆಕಿ ಕಣ್ಣು ಚಲೋ ಅದಾವ್ರಿ. ಮುಳ್ಳಿನ್ಯಾಗಿನ ಹತ್ತಿ ಬಿಡಸ್ತಾಳ. ತಪ್ಪು ಸಾಲಿನ್ಯಾಗ ಐತಿ ಅನಿಸ್ತು" ಎಂದು ನೆನೆಯುತ್ತಾರೆ.

ಮರುದಿನ ಮಾಲೀಕರ ಮುಂದೆ ನಿಂತರು. ಸಾಲು ಗಿಡ್ಡ ಮಾಡಬೇಕು, ಸುತ್ತ ಬೆರಳಿಡಲು ಜಾಗ ಬಿಡಬೇಕು. ಹೂಬಳ್ಳಿ ತೆಗೆದರೆ ಮೇಲೆ ಕೆಳಗೆ ಇನ್ನಷ್ಟು ಸಾಲು ಹಿಡಿಸುತ್ತವೆ, ಹೆಚ್ಚು ಕಾಗದ ಬೇಡ ಎಂದರು.

"ಹೂಬಳ್ಳಿ ತಗದ್ರ ಇದು ನಮ್ಮ ಅಚ್ಚು ಅಂತ ಯಾರಿಗೆ ಗೊತ್ತಾಗ್ಬೇಕಲೇ?" ತಿಪ್ಪೇರುದ್ರಪ್ಪನವರಿಗೆ ಸಿಟ್ಟು ಬಂತು.

"ಒಂದು ಪಾಠ ಒತ್ತಿ ನೋಡೋಣ್ರಿ ಧಣ್ಯಾರ. ನೀವೂ ಬರ್ರಿ. ಆಕಿ ಓದ್ಲಿಲ್ಲಂದ್ರ ಮತ್ತ ನಿಮ್ಮ ಹೂಬಳ್ಳಿನ ಹಚ್ಚತೀನಿ."

ಒಂದು ಪಾಠ ಗಿಡ್ಡ ಸಾಲಿನಲ್ಲಿ ಅಚ್ಚು ಹಾಕಿಕೊಂಡು ಇಬ್ಬರೂ ಕುರುಗೋಡಿಗೆ ಹೋದರು. ಸತ್ಯಮ್ಮ ಬರಲೊಲ್ಲೆ ಎಂದಳು. ವಿರೂಪಮ್ಮ ಕೈಹಿಡಿದು ಕರೆತಂದರು. ಅವಳು ಹೊಸ ಹಾಳೆಯ ಖಾಲಿ ಅಂಚನ್ನು ಹಿಡಿದು, ಒಂದು ಸಾಲು ಓದಿದಳು. ಬೆರಳು ತಿರುಗಿ ಬಂತು, ಮುಂದಿನ ಸಾಲಿಗೇ ಬಂತು. ತಡವರಿಸಿದಳು, ನಿಂತಳು, ಮತ್ತೆ ಹೊರಟಳು. ಪಾಠ ಮುಗಿದದ್ದೂ ತಿಳಿಯದೆ ಹಾಳೆ ತಿರುವಿ, ಹಿಂದೆ ಏನೂ ಇಲ್ಲದ್ದು ಕಂಡು, "ಮುಂದಿಂದು ಎಲ್ಲೈತಿ?" ಎಂದಳು.

ತಿಪ್ಪೇರುದ್ರಪ್ಪನವರು ಬಳ್ಳಾರಿಗೆ ಬಂದವರೇ ಚೌಕಟ್ಟನ್ನು ತಮ್ಮ ಕೈಯಾರೆ ಬಿಚ್ಚಿಟ್ಟರು. "ಮದುವಿ ಕಾಗದಕ್ಕ ಇರ್ಲಿ ಬಿಡು" ಎಂದರಂತೆ.

ಪುಸ್ತಕ ಗಿಡ್ಡ ಸಾಲಿನಲ್ಲಿ ಮತ್ತೆ ಅಚ್ಚಾಯಿತು. ಪೌಳಿಯಲ್ಲಿ ಈಗ ಬಿಟ್ಟು ಹೋದವರೂ ಕೂತಿದ್ದಾರೆ; ನೆರೆಯ ಬಾದನಹಟ್ಟಿಯಿಂದಲೂ ಹೆಂಗಸರು ಬರುತ್ತಾರೆ. ಇವತ್ತು ಉಚ್ಚೆಂಗೆಪ್ಪ ಕಟ್ಟುತ್ತಿರುವುದು ಎರಡನೆಯ ಪುಸ್ತಕ. ಇದರಲ್ಲಿ ಕಥೆಗಳಿವೆ. ಏನಾದರೂ ಆಸೆ ಇದೆಯೇ ಎಂದರೆ ಕೈ ನಿಲ್ಲಿಸದೆ ಹೇಳುತ್ತಾರೆ: "ನಾ ಮೊಳಿ ಜೋಡಸ್ತೀನಿ, ಕಥಿ ಪೂರ್ತಿ ಎಂದೂ ಓದಿಲ್ರಿ. ಒಂದಿನ ಸತ್ಯಮ್ಮನ ಮುಂದ ಕುಂತು, ಆಕಿ ಬಾಯಿಲೆ ಕೇಳಬೇಕು."