ಜೋಡಿ ಸೈಕಲ್ಲಿನ ಹಿಂದಿನ ಸೀಟು

ಹೆಣ್ಣು ನೋಡಲು ಬಂದ ದಿನ ತಲೆ ತಗ್ಗಿಸಿ ನಿಂತವಳಿಗೆ ಕಾಣುವುದು ಬಂದವರ ಪಾದಗಳು ಮಾತ್ರ. ನನಗೆ ಕಂಡಿದ್ದು ಒಂದು ನೀಲಿ ಕ್ಲಿಪ್ಪು. ಬಟ್ಟೆ ಒಣಹಾಕಿದಾಗ ಹಗ್ಗಕ್ಕೆ ಸಿಕ್ಕಿಸುತ್ತೇವಲ್ಲ, ಅಂಥದ್ದು. ಹಿರಿಯರೊಬ್ಬರ ಬಲಗಾಲಿನ ಪ್ಯಾಂಟಿನ ಅಂಚನ್ನು ಮಡಚಿ ಹಿಡಿದುಕೊಂಡಿತ್ತು. ಎಡಗಾಲಿಗೆ ಇರಲಿಲ್ಲ. ಚಹಾದ ತಟ್ಟೆ ಕೈಯಲ್ಲಿದ್ದಂತೆಯೇ ನಾನು ಕಿಸಕ್ಕನೆ ನಕ್ಕುಬಿಟ್ಟೆ. ನಮ್ಮವ್ವ ಹಿಂದಿನಿಂದ ಚಿವುಟಿದಳು. ಆ ಹಿರಿಯರು ಬಗ್ಗಿ ಕ್ಲಿಪ್ಪು ತೆಗೆದು ಜೇಬಿಗೆ ಹಾಕಿಕೊಂಡು, "ಚೈನಿಗೆ ಸಿಗಬಾರ್ದಂತ ಹಾಕಿದ್ದೆವ್ವಾ, ತೆಗಿಯೋದು ಮರತೆ," ಎಂದರು.

ಉಳಿದವರೆಲ್ಲ ಜಾಲಹಳ್ಳಿಯ ನಮ್ಮ ಮನೆಯವರೆಗೂ ಜೀಪಿನಲ್ಲೇ ಬಂದಿದ್ದರು. ಇವರು ಮಾತ್ರ ದೇವದುರ್ಗದಲ್ಲಿ ಇಳಿದು, ಗೆಳೆಯರೊಬ್ಬರ ಸೈಕಲ್ ಇಸಿದುಕೊಂಡು, ತುಳಿದುಕೊಂಡು ಬಂದಿದ್ದರು. ಅದೂ ಮಗನಿಗೆ ಹೆಣ್ಣು ನೋಡುವ ದಿನ. ಮುಂದೆ ಅವರೇ ನನ್ನ ಮಾವನವರಾದರು.

ರಾಯಚೂರಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ತೂಕ ನೋಡುವ ಗುಮಾಸ್ತರಾಗಿದ್ದರು ಅವರು. ವಾರವಿಡೀ ಹತ್ತಿಯ ಧೂಳು ಕುಡಿದ ಮನುಷ್ಯನಿಗೆ ಭಾನುವಾರ ಗಾಳಿ ಬೇಕಾಗುತ್ತಿತ್ತು. ನಸುಕಿನಲ್ಲೇ ಎದ್ದು ಮಾನ್ವಿ ರಸ್ತೆ ಹಿಡಿಯುವರು. ಮೈ ಹಗುರಿದ್ದರೆ ನೀರಮಾನ್ವಿಯವರೆಗೆ ಹೋಗಿ ಎಲ್ಲಮ್ಮನಿಗೆ ಕೈಮುಗಿಯುವುದು, ಇಲ್ಲದಿದ್ದರೆ ಕಲ್ಲೂರಿನಲ್ಲಿ ಚಹಾ ಕುಡಿದು ತಿರುಗುವುದು. ಯಾವ ಕೆಲಸಕ್ಕೆ ಹೋಗಿದ್ದಿರಿ ಎಂದು ಯಾರಾದರೂ ಕೇಳಿದರೆ, "ಹೋಗಾಕ ಹೋಗಿದ್ದೆ," ಎನ್ನುವರು. ಇಂಥವರ ಮಗನಾದ ನನ್ನ ಗಂಡ ಭಾನುವಾರ ಹೊತ್ತೇರುವ ಮೊದಲು ಎದ್ದದ್ದನ್ನು ನಾನಿನ್ನೂ ನೋಡಿಲ್ಲ.

ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ ಎಂದು ತಿಳಿದಾಗ ಮಾವನವರಿಗೆ ಆದ ಆಘಾತ ಸಣ್ಣದಲ್ಲ. ಸೊಸೆಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂದಿದ್ದರೆ ಅತ್ತೆಗೆ ಅಷ್ಟೇ ಆಗುತ್ತಿತ್ತೇನೋ. ಆ ವಾರವೇ ನನ್ನನ್ನು ಸೈಕಲ್ ಅಂಗಡಿಗೆ ಕರೆದುಕೊಂಡು ಹೋದರು. ನಾನು ಮುಂದೆ ಬುಟ್ಟಿಯಿದ್ದ ಗುಲಾಬಿ ಬಣ್ಣದ್ದೊಂದಕ್ಕೆ ಮರುಳಾಗಿ ನಿಂತೆ.

"ಬಣ್ಣ ಆಮ್ಯಾಲೆ ನೋಡವ್ವಾ. ಮೊದಲ ನಿನ್ನ ಕಾಲು ನೋಡು," ಎಂದು ಅದರ ಮೇಲೆ ಕೂರಿಸಿದರು. ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಡಿಸಿದರು. ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ವಾಲಬಾರದು. ಗುಲಾಬಿ ಸೈಕಲ್ಲಿನಲ್ಲಿ ಸೀಟು ಎಷ್ಟು ಏರಿಸಿದರೂ ನನ್ನ ಮೊಣಕಾಲು ಮಡಚಿಯೇ ಇತ್ತು. ಕೊನೆಗೆ ಮನೆಗೆ ಬಂದದ್ದು ಬೂದಿ ಬಣ್ಣದ್ದು, ಬುಟ್ಟಿಯಿಲ್ಲದ್ದು. ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡೇ ಬಂದೆ. ಇವತ್ತಿಗೂ ನನಗೆ ಮೊಣಕಾಲು ನೋವು ಗೊತ್ತಿಲ್ಲವೆಂದರೆ ಆ ಬೂದಿ ಬಣ್ಣದ ಪುಣ್ಯ.

ಕಲಿಸಿದ್ದು ಓಣಿಯ ಹತ್ತಿರದ ಶಾಲೆಯ ಬಯಲಿನಲ್ಲಿ. ಕಂಪೌಂಡಿನಾಚೆ ಮಂದಿ ನಿಂತು ನಗುತ್ತಿದ್ದರು. ಅತ್ತೆಗೆ ತಲೆ ಎತ್ತದಂತಾಗಿತ್ತು. "ಸೊಸಿನ್ನ ಬಯಲಾಗ ಕುಣಸಾಕತ್ತೀರಿ, ಮಂದಿ ಏನಂತಾರ?" ಎಂದು ಕೇಳಿದರು.

"ಬಿದ್ರ ಎತ್ತಾಕ ನಾ ಅದೀನಿ. ನಗಾಕ ಮಂದಿ ಅದಾರ. ಎಲ್ಲಾರಿಗೂ ಕೆಲಸ ಆತಲ್ಲ," ಎಂದರು ಮಾವನವರು.

ಸೀಟಿನ ಹಿಂಬದಿ ಹಿಡಿದುಕೊಂಡು ಓಡಿ ಬರುವರು. "ನಾ ಹಿಂದ ಅದೀನಿ, ನೀ ಮುಂದ ನೋಡು," ಎನ್ನುವುದೊಂದೇ ಅವರ ಪಾಠ. ಒಂದು ಬೆಳಿಗ್ಗೆ ಅದನ್ನೇ ಕೇಳುತ್ತ, ಮುಂದೆ ನೋಡುತ್ತ, ಬಯಲಿನ ಆ ತುದಿ ಮುಟ್ಟಿದೆ. ಧ್ವನಿ ಸಣ್ಣದಾಗುತ್ತ ಬಂದದ್ದು ನನಗೆ ಹೊಳೆದೇ ಇರಲಿಲ್ಲ. ತಿರುಗಿ ನೋಡಿದರೆ, ಅವರು ಹೊರಟ ಜಾಗದಲ್ಲೇ ಕೈಕಟ್ಟಿಕೊಂಡು ನಿಂತಿದ್ದರು. ನನಗೆ ಸಿಟ್ಟು ಬಂತು. ಸೈಕಲ್ ನೂಕಿಕೊಂಡು ಬಂದು, "ಸುಳ್ಳ ಹೇಳಿದ್ರಿ ಮಾವಾರ," ಎಂದೆ.

"ಸುಳ್ಳಲ್ಲವ್ವಾ. ಹಿಂದ ಅದೀನಿ. ದೂರ ಅದೀನಿ, ಅಷ್ಟ."

ಅವತ್ತೇ ಅವರು ಮಾತು ಕೊಟ್ಟರು. ನನ್ನ ತವರಿಗೆ ಇಬ್ಬರೂ ಸೈಕಲ್ ತುಳಿದುಕೊಂಡೇ ಹೋಗುವುದು. "ನಿಮ್ಮವ್ವನ ಮನಿ ಮುಂದ ನೀ ಬೆಲ್ ಹೊಡಿಬೇಕು, ಅಕಿ ಹೊರಗ ಬರಬೇಕು," ಎಂದರು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವಳು ನಾನು. ತವರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಒಬ್ಬ ಗಂಡಸು ಹೇಳಿದ್ದು ಅದೇ ಮೊದಲು. ಆದರೆ ಹೋಗುವುದು ಪ್ರತಿ ವರ್ಷ ಮುಂದಕ್ಕೆ ಬಿತ್ತು. ಒಮ್ಮೆ ನನ್ನ ಬಾಣಂತನ, ಒಮ್ಮೆ ಮಕ್ಕಳ ಪರೀಕ್ಷೆ, ಒಮ್ಮೆ ಬಿಸಿಲು. ರಾಯಚೂರಿನಲ್ಲಿ ಬಿಸಿಲಿನ ನೆಪ ಯಾವಾಗಲೂ ಸಿಗುತ್ತದೆ.

ಇಬ್ಬರೂ ಕೂಡಿ ಹೊರಡುವ ಭಾನುವಾರಗಳು ಮಾತ್ರ ತಪ್ಪಲಿಲ್ಲ. ಶನಿವಾರ ಸಂಜೆ ಎರಡೂ ಸೈಕಲ್ಲುಗಳನ್ನು ಅಂಗಳದಲ್ಲಿ ತಲೆಕೆಳಗು ನಿಲ್ಲಿಸಿ, ಹಳೆಯ ಬನಿಯನ್ನಿನ ಚೂರಿನಿಂದ ಚೈನು ಒರೆಸುವರು. ನಾನು ಎಣ್ಣೆ ಧಾರಾಳವಾಗಿ ಸುರಿದರೆ, "ಸಾಕವ್ವಾ, ಊರಾಗಿನ ಧೂಳೆಲ್ಲಾ ಇಲ್ಲೇ ಮನಿ ಮಾಡ್ತದ," ಎಂದು ಮತ್ತೆ ಒರೆಸುವರು. ಎಣ್ಣೆ ಹಾಕಿದ ಮೇಲೆ ಪೆಡಲು ತಿರುಗಿಸಿ, ಕಣ್ಣು ಮುಚ್ಚಿ ಚೈನಿನ ಸದ್ದು ಕೇಳುವ ಅಭ್ಯಾಸ ಅವರಿಗಿತ್ತು. ಆ ಕಣ್ಣು ಮುಚ್ಚುವುದನ್ನು ಈಗ ನೆನೆದರೆ ಸಂಕಟವಾಗುತ್ತದೆ.

ಕಲ್ಲೂರಿನ ಹತ್ತಿರ ಸುಗ್ಗಿಯ ದಿನಗಳಲ್ಲಿ ರಸ್ತೆಯ ಅರ್ಧ ಭಾಗಕ್ಕೆ ಭತ್ತ ಹರವಿರುತ್ತಾರೆ. ಸುತ್ತ ಕಲ್ಲಿಟ್ಟಿರುತ್ತಾರೆ, ಯಾರಿಗಾದರೂ ಕಾಣುತ್ತದೆ. ಒಂದು ಭಾನುವಾರ ಮಾವನವರು ನೇರವಾಗಿ ಅದರೊಳಗೆ ನುಗ್ಗಿ, ಜಾರಿ ಬಿದ್ದರು. ಭತ್ತ ಕಾಯುತ್ತಿದ್ದ ಹೆಂಗಸು ಕೂಗಿಕೊಂಡು ಬಂದಳು.

"ಹಾಡಾಹಗಲ ಕಣ್ಣ್ ಕಾಣಂಗಿಲ್ಲೇನು ಯಪ್ಪಾ ನಿನಗ?"

ಮಾವನವರು ಭತ್ತದ ಮೇಲೆ ಕೂತೇ, ಮೆಲ್ಲಗೆ, "ಹೌದು ಯವ್ವಾ, ಕಾಣಂಗಿಲ್ಲ," ಎಂದರು.

ನನಗೆ ಗೊತ್ತಾದದ್ದು ಹಾಗೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬಹಳ ದಿನದಿಂದ ನನ್ನ ಹಿಂದಿನ ಚಕ್ರದ ಸದ್ದು ಹಿಡಿದುಕೊಂಡೇ ಬರುತ್ತಿದ್ದರಂತೆ. ಆ ಹೆಂಗಸು ಮತ್ತೆ ಬೈಯಲಿಲ್ಲ. ಸೆರಗಿನಿಂದ ಅವರ ಬೆನ್ನಿಗೆ ಅಂಟಿದ್ದ ಕಾಳು ಕೊಡವಿ, ನೀರು ತಂದುಕೊಟ್ಟಳು.

ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಮಾವನವರು ಮಂಚ ಹಿಡಿದರು. ಕಾಯಿಲೆಯಿಂದಲ್ಲ, ಬೇಸರದಿಂದ. ಊಟ ಅರ್ಧವಾಯಿತು. ಮಾತು ಅದಕ್ಕಿಂತ ಕಡಿಮೆಯಾಯಿತು. ಸಂಜೆ ಗೋಡೆ ಹಿಡಿದುಕೊಂಡು ಬಂದು, ನಿಂತ ಸೈಕಲ್ಲಿನ ಪೆಡಲು ತಿರುಗಿಸಿ ಕೇಳಿ, ಮತ್ತೆ ಹೋಗಿ ಮಲಗುವರು. ಹೀಗೇ ಬಿಟ್ಟರೆ ಇವರು ಉಳಿಯುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು.

ಇಬ್ಬರು ಕೂತು ತುಳಿಯುವ ಜೋಡಿ ಸೈಕಲ್ಲನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ವೆಲ್ಡಿಂಗ್ ಅಂಗಡಿಯವನಿಗೆ ಅದನ್ನೇ ತೋರಿಸಿ, ನಮ್ಮ ಎರಡು ಸೈಕಲ್ಲುಗಳನ್ನೂ ಒಪ್ಪಿಸಿ, ಒಂದು ಮಾಡಿಸಿದೆ. ಗಂಡ ತಲೆ ಚಚ್ಚಿಕೊಂಡರು. ಅಂದು ಮಂದಿಗೆ ನಾಚಿದ್ದ ಅತ್ತೆ ಮಾತ್ರ ಹಳೆಯ ಕೌದಿಯ ತುಂಡು ಮಡಚಿ, ಹಿಂದಿನ ಸೀಟಿಗೆ ಮೆತ್ತಗಿನ ಕವರು ಹೊಲಿದುಕೊಟ್ಟರು.

ಅದೇ ಶಾಲೆಯ ಬಯಲು. ನಾನು ಮುಂದೆ, ಅವರು ಹಿಂದೆ, ಬಲಗಾಲಿಗೆ ನೀಲಿ ಕ್ಲಿಪ್ಪು. ಮೊದಲ ಸುತ್ತಿನಲ್ಲಿ ಸೈಕಲ್ ಹಾವಿನಂತೆ ಹೊರಳಿತು. ನಾನು ಗಾಬರಿಯಾದೆ. ಹಿಂದಿನಿಂದ ಆ ಹಳೆಯ ಮಾತು ಬಂತು, "ನಾ ಹಿಂದ ಅದೀನಿ, ನೀ ಮುಂದ ನೋಡು." ಎಷ್ಟೋ ತಿಂಗಳ ಮೇಲೆ ಅವರು ನಕ್ಕಿದ್ದು ಕೇಳಿಸಿತು. ನಾನು ಅಳುತ್ತಿದ್ದೆ, ಅದು ಅವರಿಗೆ ಕಾಣುತ್ತಿರಲಿಲ್ಲ.

ಆಮೇಲೆ ಭಾನುವಾರಗಳು ತಿರುಗಿ ಬಂದವು. ದಾರಿಯಲ್ಲಿ ಬಂದದ್ದನ್ನೆಲ್ಲ ನಾನು ಹೇಳಬೇಕಿತ್ತು. "ಗಿಡ ಬಂತ್ರಿ," ಎಂದರೆ ಒಪ್ಪುತ್ತಿರಲಿಲ್ಲ. "ಬರೇ ಗಿಡ ಅಂದ್ರ? ಬೇವೋ, ಜಾಲಿಯೋ? ಹಕ್ಕಿ ಕುಂತದೇನು?" ಎಂದು ಪೀಡಿಸುವರು. ಅಕ್ಕಿ ಮಿಲ್ಲುಗಳು ಬಂದರೆ ನಾನು ಹೇಳುವ ಮೊದಲೇ ಬೇಯಿಸಿದ ಭತ್ತದ ವಾಸನೆ ಹಿಡಿದು, "ಊರು ಬಂತು, ನಿಧಾನ," ಎನ್ನುವರು. ಅಷ್ಟು ವರ್ಷ ತುಳಿದ ರಸ್ತೆಯನ್ನು ನಾನು ಸರಿಯಾಗಿ ನೋಡಿದ್ದೇ ಆಗ.

ಕೊನೆಗೊಂದು ವರ್ಷ, ಸಂಕ್ರಾಂತಿ ಮುಗಿಸಿ ಜಾಲಹಳ್ಳಿಗೆ ಹೋಗಿಯೇ ಬಿಡುವುದು ಎಂದಾಯಿತು. ಗಬ್ಬೂರಿನ ಮೇಲೆ ದೇವದುರ್ಗ, ಅಲ್ಲಿ ರಾತ್ರಿ ಅವರ ಗೆಳೆಯರ ಮನೆಯಲ್ಲಿ ಉಳಿದು, ಮರುದಿನ ತವರು. ಜಾಲಿ ಮುಳ್ಳಿಗೆ ಜಗ್ಗದ ದಪ್ಪ ಟಯರುಗಳನ್ನು ಅವರೇ ಅಂಗಡಿಯಲ್ಲಿ ಬೆರಳಾಡಿಸಿ ಆರಿಸಿದರು. "ಬೀಗರು ಸೈಕಲ್ ಮ್ಯಾಲೆ ಬರ್ತಾರಂತ ಓಣಿಗೆಲ್ಲಾ ಹೇಳೀನಿ, ಶೇಂಗಾ ಹೋಳಿಗಿ ಮಾಡಿಡ್ತೀನಿ," ಎಂದು ನಮ್ಮವ್ವ ಫೋನಿನಲ್ಲಿ ಹೇಳಿದಳು.

ಆ ಸಂಕ್ರಾಂತಿ ಅವರ ಪಾಲಿಗೆ ಬರಲಿಲ್ಲ. ಒಂದು ಬೆಳಿಗ್ಗೆ ಚಹಾ ತೆಗೆದುಕೊಂಡು ಹೋಗಿ ಎಬ್ಬಿಸಿದೆ, ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ನನ್ನಪ್ಪ ಸತ್ತಾಗ ಅಳಲು ತಿಳಿಯದ ವಯಸ್ಸು ನನ್ನದು. ಆ ಅಳುವನ್ನೂ ಸೇರಿಸಿ ಅವತ್ತು ಅತ್ತುಬಿಟ್ಟೆ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಜೋಡಿ ಸೈಕಲ್ಲನ್ನು ಓಣಿಗೆ ತೆಗೆದೆ. ಒಬ್ಬಳೇ ತುಳಿದೆ. ಆ ಸೈಕಲ್ಲಿನಲ್ಲಿ ಮುಂದಿನವರು ತುಳಿದರೆ ಹಿಂದಿನ ಪೆಡಲುಗಳೂ ತಿರುಗಲೇಬೇಕು, ಎರಡಕ್ಕೂ ಒಂದೇ ಚೈನಿನ ನಂಟು. ತಿರುಗಿ ನೋಡಿದೆ. ಯಾರೂ ಇಲ್ಲದ ಸೀಟಿನ ಕೆಳಗೆ ಪೆಡಲುಗಳೆರಡೂ ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಇಳಿದು ನೂಕಿಕೊಂಡು ಮನೆಗೆ ಬಂದೆ. ಒಂದು ವರ್ಷ ಅದನ್ನು ಮುಟ್ಟಲಿಲ್ಲ. ಬಿಚ್ಚಿಸಿ ಮತ್ತೆ ಎರಡು ಮಾಡಿಸೋಣವೇ ಎಂದು ಗಂಡ ಕೇಳಿದಾಗ ಅತ್ತೆ ಬೇಡವೆಂದರು. ಒಳಗೆ ಹೋಗಿ, ಮೊಳೆಗೆ ಸಿಕ್ಕಿಸಿದ್ದ ನೀಲಿ ಕ್ಲಿಪ್ಪು ತಂದು ನನ್ನ ಕೈಗಿಟ್ಟರು. "ಅವರು ಮಾತು ಕೊಟ್ಟಿದ್ರಲ್ಲ. ಹೋಗಿ ಬಾ," ಎಂದರು.

ಈ ಸಂಕ್ರಾಂತಿ ಮುಗಿಸಿ ಹೊರಟೆ. ಚೂಡಿದಾರದ ಬಲಗಾಲಿಗೆ ಆ ಕ್ಲಿಪ್ಪು ಹಾಕಿಕೊಂಡೆ. ಗಬ್ಬೂರಿನ ಹೋಟೆಲಿನ ಮುಂದೆ ಕೂತಿದ್ದ ಮುದುಕರೊಬ್ಬರು, "ಯವ್ವಾ, ನಿನ್ನ ಹಿಂದಿನವ್ರು ಎಲ್ಲೋ ಬಿದ್ದಾರ ನೋಡು," ಎಂದು ನಗಾಡಿದರು. ಅವರ ತಪ್ಪೇನಿಲ್ಲ, ನೋಡಿದವರು ಯಾರಾದರೂ ಅನ್ನುವ ಮಾತೇ ಅದು. ನಾನು ಪೆಡಲು ತುಳಿದು ಮುಂದೆ ಹೋದೆ. ದೇವದುರ್ಗದಲ್ಲಿ ಉಳಿದು, ಮರುದಿನ ಹೊರಟಾಗ ನನಗೆ ಅರಿವಿಲ್ಲದೆಯೇ ದಾರಿ ಹೇಳತೊಡಗಿದ್ದೆ. ಬೇವು ಬಂತ್ರಿ. ಜಾಲಿ ಬಂತ್ರಿ. ಮುಂದ ಇಳಿಜಾರು ಅದ, ಗಟ್ಟಿ ಹಿಡ್ಕೋರಿ ಮಾವಾರ.

ತವರಿನ ಬಾಗಿಲಲ್ಲಿ ನಿಂತು ಬೆಲ್ ಹೊಡೆದೆ. ನಮ್ಮವ್ವ ಕಾಲಿಗೆ ನೀರು ಹಿಡಿದುಕೊಂಡೇ ಹೊರಗೆ ಬಂದಳು. ನನ್ನನ್ನು ನೋಡಿದಳು, ಹಿಂದಿನ ಸೀಟು ನೋಡಿದಳು, ಕಣ್ಣೊರೆಸಿಕೊಂಡಳು.

"ಅಷ್ಟು ದೂರದಿಂದ ಒಬ್ಬಾಕೀನ ಬಂದೇನ ಯವ್ವಾ?"

"ಒಬ್ಬಾಕಿ ಅಲ್ಲವ್ವಾ," ಎಂದೆ. "ಹಿಂದ ಅದಾರ. ದೂರ ಅದಾರ, ಅಷ್ಟ."