ದೊರೆಸಾನಿಗೆ ತಿರುಗಲು ಜಾಗ

ಸೊಸೆ ಅತ್ತೆಯನ್ನು ಹೊಗಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ಮೊದಲು ಬೈದುಬಿಡುತ್ತೇನೆ: ನಮ್ಮತ್ತೆ ಮಹಾ ಹಟಮಾರಿ. ಮಾವನವರ ಅಣ್ಣ, ಅಂದರೆ ನಮ್ಮ ದೊಡ್ಡಮಾವ, ಹಂದಿ ಸಾಕುತ್ತಾರೆ. ಅಲ್ಲಿಯ ಹೆರಿಗೆ ಕೊಟ್ಟಿಗೆಯ ಉಸ್ತುವಾರಿ ಅತ್ತೆಯದು. ಮನೆಯಲ್ಲಿ ನಮ್ಮ ಜೊತೆ ಎರಡು ಮಾತಾಡಿದರೆ ಅಲ್ಲಿ ಹಂದಿಗಳ ಜೊತೆ ಇಪ್ಪತ್ತು.

ಹೆರುವ ಹಂದಿಗಳಿಗೆಲ್ಲ ಅಲ್ಲಿ ಕಂಬಿಗೂಡು. ಏಳಬಹುದು, ಮಲಗಬಹುದು, ತಿರುಗುವ ಹಾಗಿಲ್ಲ. ತಾಯಿ ಧೊಪ್ಪನೆ ಮರಿಗಳ ಮೇಲೆ ಬೀಳಬಾರದೆಂದು ಈ ಏರ್ಪಾಡು. ಆದರೆ ಹೆರಿಗೆ ಹತ್ತಿರ ಬಂತೆಂದರೆ ಅತ್ತೆಯ ಮುದ್ದಿನ ದೊರೆಸಾನಿ ಸಿಮೆಂಟು ನೆಲ ಕೆರೆಯುತ್ತಿದ್ದಳು, ಕಂಬಿ ಕಚ್ಚಿ ಬಾಯಿ ಗಾಯ ಮಾಡಿಕೊಳ್ಳುತ್ತಿದ್ದಳು.

"ಹೆರೋಕೆ ಹಾಸಿಗೆ ಹುಡುಕ್ತಿದಾಳೆ ಭಾವ. ಹುಲ್ಲು ಹಾಕಿ ಕಂಬಿ ಇಲ್ಲದೆ ಬಿಟ್ಟು ನೋಡೋಣ." ಅತ್ತೆಯದು ಇದೊಂದೇ ರಾಗ.

ಕೊನೆಗೆ ದೊಡ್ಡಮಾವ ಮೇವಿನ ಮೂಟೆ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ ಕೊಟ್ಟರು. "ಒಂದೇ ಒಂದು ಮರಿ ಮೈಯಡಿ ಸಿಕ್ಕಿ ಸತ್ರೂ ಅವಳು ವಾಪಸ್ ಕಂಬಿಯೊಳಗೆ. ಆಮೇಲೆ ನೀನು ಈ ಮಾತು ಎತ್ತಬಾರದು."

ಅತ್ತೆ ಒಪ್ಪಿದರು.

ದೊರೆಸಾನಿ ಹುಲ್ಲನ್ನು ಬಾಯಲ್ಲಿ ಕಚ್ಚಿ ತಂದು, ಕಾಲಲ್ಲಿ ಸರಿಸಿ, ಮೂತಿಯಲ್ಲಿ ಒತ್ತಿ ಹಾಸಿಗೆ ಮಾಡಿಕೊಳ್ಳುವುದನ್ನು ನೋಡಲು ಮನೆಮಂದಿಯೆಲ್ಲ ಹೋದೆವು. ನನಗೋ ನಗು. ತುಂಬಿದ ಬಸುರಿಯಾಗಿದ್ದಾಗ ನಾನೂ ಕಪಾಟನ್ನು ಹೀಗೇ ಜೋಡಿಸಿದ್ದೆ, ಎಷ್ಟು ಜೋಡಿಸಿದರೂ ಸಮಾಧಾನವಿರಲಿಲ್ಲ. ಹೆರಿಗೆ ಸುಸೂತ್ರವಾಯಿತು. ಅತ್ತೆ ಮರಿಗಳಿಗೆ ಎಂದಿನಂತೆ ಬಿಸಿ ದೀಪ ಕಟ್ಟಿ, ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದರು.

ಮರುದಿನ ಬೆಳಿಗ್ಗೆ ಒಂದು ಮರಿ ತಾಯಿಯ ಮೈಯಡಿ ಅಪ್ಪಚ್ಚಿಯಾಗಿತ್ತು.

ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅತ್ತೆ ತಾವೇ ಹೋಗಿ ದೊಡ್ಡಮಾವನಿಗೆ ಹೇಳಿದರು. ನನಗೆ ಅಳುವೇ ಬಂತು.

ದೊಡ್ಡಮಾವ ಬಂದಾಗ ದೊರೆಸಾನಿ ಎದ್ದು, ಸುತ್ತ ತಿರುಗಿ, ಒಂದೊಂದೇ ಮರಿಯನ್ನು ಮೂಸುತ್ತ ಮೆಲ್ಲಗೆ ಗುರ್ ಗುರ್ ಎನ್ನುತ್ತಿದ್ದಳು.

"ಏನು ಮಾಡ್ತಿದಾಳೆ ಇವಳು?"

"ಮಕ್ಕಳನ್ನ ಮಾತಾಡಿಸ್ತಿದಾಳೆ ಭಾವ."

"ಹಿಂದೆ ಮೂರು ಸಲ ಹೆತ್ತಾಗ್ಲೂ ನಾನಿದ್ದೆ. ಯಾವತ್ತೂ ಹೀಗೆ ಮಾಡಿದ್ದು ನೋಡಿಲ್ಲ."

"ಕಂಬಿಯೊಳಗೆ ಮುಖ ಮುಂದೆ, ಮಕ್ಕಳು ಹಿಂದೆ. ತಿರುಗೋಕೆ ನಾವೆಲ್ಲಿ ಬಿಟ್ವಿ?"

ದೊಡ್ಡಮಾವ ಮರಿ ಸತ್ತಿದ್ದ ಜಾಗವನ್ನು ಬಗ್ಗಿ ನೋಡಿದರು. ಆಮೇಲೆ ದೀಪದತ್ತ ಕೈ ತೋರಿಸಿದರು. "ಇದನ್ನ ಇಲ್ಲಿ ಕಟ್ಟಿದ್ಯಾರು?"

"ನಾನೇ. ಯಾವಾಗ್ಲೂ ತಾಯಿ ಹೊಟ್ಟೆ ಪಕ್ಕ ತಾನೇ ಕಟ್ಟೋದು?"

"ಗೂಡಲ್ಲಾದ್ರೆ ನಡುವೆ ಕಂಬಿ ಇರುತ್ತೆ. ಇಲ್ಲಿ ಅವಳು ಮಲಗೋ ಜಾಗದಲ್ಲೇ ಬಿಸಿ ಇಟ್ರೆ ಮರಿಗಳೂ ಅಲ್ಲೇ ಮಲಗ್ತವೆ. ಅವಳದೇನು ತಪ್ಪು?"

ಅತ್ತೆ ಹಣೆ ಚಚ್ಚಿಕೊಂಡರು. ಅವಳನ್ನು ಬಿಟ್ಟಿದ್ದು ಹೊಸ ಕೋಣೆಯಲ್ಲಿ, ಕೈ ಓಡಿದ್ದು ಹಳೆ ರೂಢಿಯಲ್ಲಿ.

ದೀಪವನ್ನು ದೊಡ್ಡಮಾವನೇ ಬಿಚ್ಚಿ ಮೂಲೆಗೆ ಕಟ್ಟಿದರು. ಮರಿಗಳು ಮಾತ್ರ ನುಸುಳುವಂತೆ ಅದರ ಮುಂದೆ ಒಂದು ಪೈಪನ್ನು ಅಡ್ಡ ಬಿಗಿದರು. ಹಾಲು ಕುಡಿದ ಮರಿಗಳು ಒಂದರ ಹಿಂದೊಂದು ಮೂಲೆ ಸೇರಿ ರಾಶಿ ಬಿದ್ದು ಮಲಗಿದವು. ದೊರೆಸಾನಿ ಗೋಡೆಗೆ ಒರಗಿ ನಿಧಾನವಾಗಿ ಜಾರಿ ಮೈಚೆಲ್ಲಿದಳು. ನೋಡಿ ಹೊಟ್ಟೆ ತಣ್ಣಗಾಯಿತು.

ಆದರೂ ಅತ್ತೆ ತಾವು ಕೊಟ್ಟ ಮಾತು ಮರೆತಿರಲಿಲ್ಲ. "ಮಾತು ಮಾತೇ ಭಾವ. ಕಂಬಿಗೂಡು ತೊಳೆದಿಡ್ತೀನಿ," ಎಂದು ತಲೆ ತಗ್ಗಿಸಿ ಹೊರಟರು.

"ಬರೀ ಕೈಲಿ ಎಲ್ಲಿಗೆ ಹೊರಟೆ?" ಎಂದರು ದೊಡ್ಡಮಾವ. "ಸ್ಪ್ಯಾನರ್ ತಗೊ. ಅದನ್ನ ಬಿಚ್ಚಿಹಾಕೋದಿದೆ."